ಕುಣಿಯುವ ದೇಹ, ಕೇಳುವ ಮನಸ್ಸು: ಯಕ್ಷಗಾನದ ವೃತ್ತಿಕಲಾವಿದ ಸಂಶೋಧಕನಾಗುವ ಬಗೆ

ಜಾನಪದ ಅಧ್ಯಯನದಲ್ಲಿ ‘ವಕ್ತೃ’ ಮತ್ತು ‘ಸಂಶೋಧಕ’ ಎಂಬ ಎರಡು ಸ್ಥಾನಗಳು ಬಹುಕಾಲದಿಂದ ಬೇರೆ ಬೇರೆಯಾಗಿಯೇ ಉಳಿದುಬಂದಿವೆ. ಹಾಡುವವರು, ಕಥೆ ಹೇಳುವವರು, ಕುಣಿಯುವವರು ಒಂದು ಕಡೆ. ಅವರನ್ನು ಕೇಳಿ, ನೋಡಿ, ಬರೆದುಕೊಂಡು ವಿಶ್ಲೇಷಿಸುವವರು ಇನ್ನೊಂದು ಕಡೆ. ಈ ಶ್ರಮವಿಭಜನೆಯಿಂದ ಕನ್ನಡ ಜಾನಪದಕ್ಕೆ ದೊರೆತ ಲಾಭ ಸಣ್ಣದಲ್ಲ. ಸಂಗ್ರಹ, ವರ್ಗೀಕರಣ, ಸಂಪಾದನೆಗಳ ದೊಡ್ಡ ರಾಶಿಯೇ ಇದರಿಂದ ಸಿದ್ಧವಾಗಿದೆ. ಆದರೆ ಪ್ರದರ್ಶನ ಕಲೆಗಳ ವಿಷಯಕ್ಕೆ ಬಂದಾಗ ಈ ವಿಭಜನೆಯ ಮಿತಿಯೂ ಎದ್ದು ಕಾಣುತ್ತದೆ. ಹಾಡಿನ ಪಠ್ಯವನ್ನು ಬರೆದುಕೊಳ್ಳಬಹುದು, ಕಥೆಯ ಆಶಯಗಳನ್ನು ಪಟ್ಟಿ ಮಾಡಬಹುದು. ಕುಣಿತವಾದರೋ ಕುಣಿಯುವವನ ದೇಹದಲ್ಲಿ ಹುಟ್ಟಿ, ಆ ಕ್ಷಣದಲ್ಲೇ ಮುಗಿದುಹೋಗುವಂಥದು. ಅದರ ಬಗೆಗಿನ ತಿಳಿವಳಿಕೆಯ ಬಹುಪಾಲು ಕುಣಿದವನಲ್ಲಿ ಮಾತ್ರ ಉಳಿದಿರುತ್ತದೆ. ಹಾಗಿರುವಾಗ ಕುಣಿಯುವವನೇ ಪ್ರಶ್ನೆ ಕೇಳುವವನಾದರೆ ಏನಾಗುತ್ತದೆ? ತನ್ನ ವೃತ್ತಿಯನ್ನೇ ತಾನು ಅಧ್ಯಯನ ಮಾಡಹೊರಟ ನರ್ತಕನಿಗೆ ದೊರೆಯುವ ಅನುಕೂಲಗಳಾವುವು, ಎದುರಾಗುವ ತೊಡಕುಗಳಾವುವು? ಯಕ್ಷಗಾನವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯಕ್ಷಗಾನದ ಅಧ್ಯಯನ ಆರಂಭದ ದಶಕಗಳಲ್ಲಿ ಬಹುಮಟ್ಟಿಗೆ ಸಾಹಿತ್ಯ ಕೇಂದ್ರಿತವಾಗಿತ್ತು. ಪ್ರಸಂಗಗಳ ಹಸ್ತಪ್ರತಿ, ಕವಿಯ ಕಾಲ, ದೇಶ, ಕರ್ತೃತ್ವ ಇವೇ ಚರ್ಚೆಯ ವಿಷಯಗಳಾಗಿದ್ದವು. ಕುಂಬಳೆಯ ಪಾರ್ತಿಸುಬ್ಬನನ್ನು ಕುರಿತ ದೀರ್ಘ ವಾಗ್ವಾದವೇ ಇದಕ್ಕೆ ಸಾಕ್ಷಿ. ಪ್ರಸಂಗವೆಂಬುದು ರಂಗದ ಮೇಲೆ ಬಂದಾಗ ಮಾತ್ರ ಪೂರ್ಣಗೊಳ್ಳುತ್ತದೆ, ಪದ್ಯವು ಹೆಜ್ಜೆಗಾಗಿ ಕಟ್ಟಿದ್ದು ಎಂಬ ಸಂಗತಿ ಅಧ್ಯಯನದ ಒಳಗೆ ಬರಲು ಸಮಯ ಹಿಡಿಯಿತು. ಕುಣಿತದ ವಿಚಾರ ಬಂದಾಗಲೂ ಅದು ವರ್ಣನೆಯ ಮಟ್ಟದಲ್ಲಿ ನಿಂತದ್ದೇ ಹೆಚ್ಚು. ‘ವೀರಾವೇಶದಿಂದ ಕುಣಿದನು’ ಎಂಬ ಮಾತಿನಿಂದ ಯಾವ ತಾಳಕ್ಕೆ, ಯಾವ ಕಾಲದಲ್ಲಿ, ಯಾವ ಹೆಜ್ಜೆಯನ್ನು, ಏಕೆ ಇಟ್ಟನೆಂಬುದು ತಿಳಿಯುವುದಿಲ್ಲ.

ಮೂರು ದಾರಿಗಳು

ಕುಣಿತದ ಅರಿವು ಮತ್ತು ಸಂಶೋಧನೆ ಒಂದಾದ ಬಗೆಯನ್ನು ಯಕ್ಷಗಾನದ ಚರಿತ್ರೆಯಲ್ಲಿ ಮೂರು ದಾರಿಗಳಾಗಿ ಗುರುತಿಸಬಹುದು.

ಮೊದಲನೆಯದು, ಹೊರಗಿನಿಂದ ಬಂದ ಜಿಜ್ಞಾಸು ಒಳಹೊಕ್ಕು ಕುಣಿದ ದಾರಿ. ಕೋಟ ಶಿವರಾಮ ಕಾರಂತರು (1902–1997) ಮೇಳದ ವೃತ್ತಿಕಲಾವಿದರಾಗಿರಲಿಲ್ಲ. ಆದರೆ ಅವರ ‘ಯಕ್ಷಗಾನ ಬಯಲಾಟ’ (1957) ಗ್ರಂಥ ಕೇವಲ ಓದಿನಿಂದ ಹುಟ್ಟಿದ್ದಲ್ಲ. ಹಿರಿಯ ಕಲಾವಿದರ ಒಡನಾಟ, ಆಟ ನೋಡಿದ ಅನುಭವ ಹಾಗೂ ಸ್ವತಃ ಹೆಜ್ಜೆ ಹಾಕಿದ ಪ್ರಯತ್ನಗಳು ಅದರ ಹಿಂದಿವೆ. 1959ರಲ್ಲಿ ಆ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದುದರಿಂದ ರಂಗಕಲೆಯೊಂದರ ಅಧ್ಯಯನಕ್ಕೆ ವಿದ್ವತ್ ಮನ್ನಣೆ ದೊರೆತಂತಾಯಿತು. ಮುಂದೆ ಮಾತನ್ನು ಬಹಳಷ್ಟು ಕಡಿಮೆ ಮಾಡಿ, ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ಹಿಮ್ಮೇಳಕ್ಕೆ ಸೇರಿಸಿ ಕಾರಂತರು ನಡೆಸಿದ ರಂಗಪ್ರಯೋಗಗಳು ಇಂದಿಗೂ ಚರ್ಚೆಗೆ ಆಸ್ಪದವಾಗಿವೆ. ಪ್ರಯೋಗವನ್ನು ಒಪ್ಪದವರೂ ಒಂದನ್ನು ಒಪ್ಪಬೇಕಾಗುತ್ತದೆ: ಕಾರಂತರಿಗೆ ರಂಗವೇ ಪ್ರಯೋಗಶಾಲೆಯಾಗಿತ್ತು, ಬರೆದದ್ದನ್ನು ಆಡಿ ನೋಡುವುದು, ಆಡಿದ್ದನ್ನು ಮತ್ತೆ ಪ್ರಶ್ನಿಸುವುದು ಅವರ ಕ್ರಮವಾಗಿತ್ತು. ಅಮೆರಿಕದಿಂದ ಬಂದ ಮಾರ್ತಾ ಆಶ್ಟನ್ ಅವರದೂ ಇದೇ ದಾರಿ. ಉಡುಪಿಯಲ್ಲಿ ನೆಲೆಸಿ, ಹಿರಿಯಡ್ಕ ಗೋಪಾಲ ರಾಯರಂತಹ ಮದ್ದಳೆಗಾರರಿಂದ ಬಡಗುತಿಟ್ಟನ್ನು ಕಲಿತು, ಆ ಕಲಿಕೆಯನ್ನೇ ತಮ್ಮ ಡಾಕ್ಟರೇಟ್ ಅಧ್ಯಯನದ ಬುನಾದಿಯಾಗಿಸಿಕೊಂಡವರು ಅವರು. ಬ್ರೂಸ್ ಕ್ರಿಸ್ಟಿ ಅವರೊಡನೆ ಬರೆದ ಅವರ ಇಂಗ್ಲಿಷ್ ಗ್ರಂಥ 1977ರಲ್ಲಿ ಪ್ರಕಟವಾಯಿತು.

ಎರಡನೆಯದು, ಒಳಗಿನ ಕಲಾವಿದ ಹೊರಗೆ ಹೋಗಿ ಮರಳಿದ ದಾರಿ. ಇದಕ್ಕೆ ಕೆರೆಮನೆ ಶಂಭು ಹೆಗಡೆ (1938–2009) ಅವರು ಉತ್ತಮ ನಿದರ್ಶನ. ಅವರ ತಂದೆ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದವರು. ಹುಟ್ಟಿನಿಂದಲೇ ಗೆಜ್ಜೆಯ ಸದ್ದು ಕೇಳಿ ಬೆಳೆದ ಶಂಭು ಹೆಗಡೆಯವರು ನೃತ್ಯಗುರು ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆಯ ಶಿಕ್ಷಣವನ್ನೂ ಪಡೆದರು. ಇನ್ನೊಂದು ಶಿಸ್ತಿನ ಪರಿಭಾಷೆ ಕೈಗೆ ಬಂದಾಗ ತನ್ನದೇ ಕಲೆಯಲ್ಲಿ ಅದುವರೆಗೆ ಸಹಜವೆಂದು ತೋರಿದ್ದು ಆಯ್ಕೆಯೆಂದು ಕಾಣಿಸತೊಡಗುತ್ತದೆ. ರಂಗಸ್ಥಳದ ಯಾವ ಮೂಲೆಯಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಶ್ಚಲವಾಗಿರಬೇಕು, ಹೆಜ್ಜೆಯನ್ನು ಎಲ್ಲಿ ತಡೆಹಿಡಿಯಬೇಕು ಎಂಬುದೆಲ್ಲ ಆಗ ವಿಚಾರದ ವಸ್ತುವಾಗುತ್ತದೆ. 1986ರಲ್ಲಿ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಅವರು ಆರಂಭಿಸಿದ ಶ್ರೀಮಯ ಯಕ್ಷಗಾನ ಕಲಾಕೇಂದ್ರ ಈ ಬಗೆಯ ವಿಚಾರ ಶಿಕ್ಷಣಕ್ರಮವಾಗಿ ಮಾರ್ಪಟ್ಟುದರ ಫಲ.

ಮೂರನೆಯದು, ಒಳಗಿದ್ದುಕೊಂಡೇ ಕಲೆಯ ವ್ಯಾಕರಣವನ್ನು ಹೊರತೆಗೆದ ದಾರಿ. ಹೊಸ್ತೋಟ ಮಂಜುನಾಥ ಭಾಗವತರು (1940–2020) ಭಾಗವತರಾಗಿ, ಪ್ರಸಂಗಕರ್ತರಾಗಿ, ಊರೂರು ಸುತ್ತಿದ ಗುರುವಾಗಿ ಪ್ರಸಿದ್ಧರು. ಅಂಧ ವಿದ್ಯಾರ್ಥಿಗಳಿಗೆ ಅವರು ಯಕ್ಷಗಾನವನ್ನು ಕಲಿಸಿದ ಸಂಗತಿಯನ್ನು ಸಾಮಾನ್ಯವಾಗಿ ಸೇವಾಕಾರ್ಯವೆಂದು ಮೆಚ್ಚಲಾಗುತ್ತದೆ. ಸಂಶೋಧನೆಯ ದೃಷ್ಟಿಯಿಂದ ಅದರ ಮಹತ್ವ ಇನ್ನೂ ಹೆಚ್ಚಿನದು. ‘ನನ್ನನ್ನು ನೋಡಿ ಮಾಡು’ ಎಂಬುದು ಕುಣಿತ ಕಲಿಸುವ ಸರ್ವಸಾಮಾನ್ಯ ವಿಧಾನ. ನೋಡಲಾರದ ವಿದ್ಯಾರ್ಥಿಯ ಮುಂದೆ ಆ ವಿಧಾನ ನಿರುಪಯುಕ್ತ. ಅಲ್ಲಿ ಪ್ರತಿಯೊಂದು ಚಲನೆಯನ್ನೂ ಮಾತಿನಲ್ಲಿ, ಲೆಕ್ಕದಲ್ಲಿ, ಸ್ಪರ್ಶದಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ಎಂದರೆ ಗುರುವಿನ ದೇಹದಲ್ಲಿ ಮೌನವಾಗಿದ್ದ ಜ್ಞಾನ ವಿಶ್ಲೇಷಣೆಗೆ ಒಳಗಾಗಲೇಬೇಕು. ಶಿಕ್ಷಣದ ಅಗತ್ಯವೇ ಇಲ್ಲಿ ಸಂಶೋಧನೆಯ ಉಪಕರಣವಾಗುತ್ತದೆ.

ಮಾತಿಗೆ ಸಿಕ್ಕದ ಅರಿವು

ದೇಹದ ನಡವಳಿಕೆಗಳು ಸಹಜವೆಂದು ತೋರಿದರೂ ಅವು ಆಯಾ ಸಮಾಜ ಕಲಿಸಿದ ತಂತ್ರಗಳು ಎಂಬುದನ್ನು ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ 1934ರ ತನ್ನ ಉಪನ್ಯಾಸದಲ್ಲಿ ಪ್ರತಿಪಾದಿಸಿದನು. ನಡಿಗೆ, ಈಜು, ಕುಳಿತುಕೊಳ್ಳುವ ರೀತಿಗಳೂ ಪರಂಪರೆಯಿಂದ ಬಂದವೇ. ನಾವು ಹೇಳಬಲ್ಲುದಕ್ಕಿಂತ ಹೆಚ್ಚನ್ನು ಬಲ್ಲೆವು ಎಂಬ ನೆಲೆಯಲ್ಲಿ ಮೈಕೆಲ್ ಪೊಲಾನ್ಯಿ 1966ರಲ್ಲಿ ಮೌನಜ್ಞಾನದ ಪರಿಕಲ್ಪನೆಯನ್ನು ವಿಸ್ತರಿಸಿದನು. ಈ ಎರಡು ವಿಚಾರಗಳನ್ನೂ ಸೇರಿಸಿದರೆ ನರ್ತಕನ ಸ್ಥಿತಿ ಸ್ಪಷ್ಟವಾಗುತ್ತದೆ. ಆತನ ದೇಹದಲ್ಲಿರುವುದು ವೈಯಕ್ತಿಕ ಚಾತುರ್ಯ ಮಾತ್ರವಲ್ಲ, ಸಮುದಾಯವೊಂದರ ದಾಖಲೆ. ಆದರೆ ಆ ದಾಖಲೆಯನ್ನು ಓದುವ ಲಿಪಿ ಆತನಲ್ಲಿಯೂ ಪೂರ್ತಿಯಾಗಿಲ್ಲ.

ಯಕ್ಷಗಾನದಲ್ಲಿ ಇಂತಹ ಲಿಪಿಗೆ ಸಮೀಪವಾದುದು ಬಾಯಿತಾಳ. ಚೆಂಡೆ ಮದ್ದಳೆಗಳ ನುಡಿಸಾಣಿಕೆಯನ್ನೂ ಪಾದದ ಹೆಜ್ಜೆಯನ್ನೂ ಒಂದೇ ಅಕ್ಷರಮಾಲೆಯಲ್ಲಿ ಹಿಡಿದಿಡುವ ಈ ಕ್ರಮ ಭಾಗವತ, ಮದ್ದಳೆಗಾರ, ವೇಷಧಾರಿ ಮೂವರಿಗೂ ಸಾಮಾನ್ಯವಾದ ಭಾಷೆ. ಏಕತಾಳದ ನಾಲ್ಕು ಅಕ್ಷರಗಳೊಳಗೆ, ತ್ರಿವುಡೆಯ ಏಳು ಅಕ್ಷರಗಳೊಳಗೆ ಯಾವ ಘಾತಕ್ಕೆ ಪಾದ ನೆಲ ಮುಟ್ಟಬೇಕೆಂಬುದನ್ನು ಅದು ಹೇಳುತ್ತದೆ. ಪದ್ಯ ಮುಗಿದ ಮೇಲಿನ ಬಿಡ್ತಿಗೆ ಎಲ್ಲಿ ಆರಂಭವಾಗಿ ಎಲ್ಲಿ ಮುಕ್ತಾಯಗೊಳ್ಳಬೇಕೆಂಬುದನ್ನೂ ಹೇಳುತ್ತದೆ. ಆದರೆ ಹೇಳದೆ ಬಿಡುವ ಸಂಗತಿಗಳೂ ಅಷ್ಟೇ ಇವೆ. ಮೈಭಾರ ಯಾವ ಕಾಲಿನ ಮೇಲಿದೆ, ಮೊಣಕಾಲು ಎಷ್ಟು ಬಾಗಿದೆ, ಹೆಗಲು ಸಡಿಲವಾಗಿದೆಯೋ ಬಿಗಿದಿದೆಯೋ, ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು ಎಂಬ ವಿವರಗಳಿಗೆ ಬಾಯಿತಾಳದಲ್ಲಿ ಸಂಕೇತವಿಲ್ಲ. ಬಡಗುತಿಟ್ಟಿನ ಮಂಡಿಯಲ್ಲಿ ವೇಷಧಾರಿ ನೆಲಕ್ಕೆ ಮಂಡಿಯೂರಿ ಸುತ್ತುವಾಗ ಮೊಣಕಾಲಿನ ಮೇಲಿನ ಭಾರವನ್ನು ಹೇಗೆ ಹಂಚಿಕೊಳ್ಳುತ್ತಾನೆ? ತೆಂಕುತಿಟ್ಟಿನ ಪುಂಡುವೇಷ ಸಾಲು ಧಿಗಿಣಗಳನ್ನು ಹಾರಿ ನಿಂತಾಗ ತಲೆ ಸುತ್ತದಂತೆ ದೃಷ್ಟಿಯನ್ನು ಎಲ್ಲಿ ನೆಡುತ್ತಾನೆ? ಇವಕ್ಕೆ ಉತ್ತರ ಪುಸ್ತಕದಲ್ಲಿ ಇಲ್ಲ; ಪ್ರೇಕ್ಷಕನ ಕಣ್ಣಿಗೂ ಕಾಣುವುದಿಲ್ಲ.

ವೇಷಭೂಷಣದ ವಿಷಯವೂ ಇದೇ. ಪಂಚೆ ಬಿಗಿದು ತರಗತಿಯಲ್ಲಿ ಮಾಡುವ ಹೆಜ್ಜೆಗೂ ಪೂರ್ಣ ವೇಷ ಕಟ್ಟಿ ರಂಗದಲ್ಲಿ ಇಡುವ ಹೆಜ್ಜೆಗೂ ವ್ಯತ್ಯಾಸವಿದೆ. ಬಿಗಿದು ಕಟ್ಟಿದ ಮುಂಡಾಸು ಅಥವಾ ಕಿರೀಟ ಕುತ್ತಿಗೆಯ ಚಲನೆಗೆ ಮಿತಿ ಹಾಕುತ್ತದೆ. ತಿರುಗಿ ನೋಡಬೇಕಾದರೆ ಇಡೀ ಮುಂಡವೇ ತಿರುಗಬೇಕಾಗುತ್ತದೆ. ಎದೆಕಟ್ಟು, ಭುಜಕೀರ್ತಿಗಳು ತೋಳನ್ನು ಮೈಯಿಂದ ಸ್ವಲ್ಪ ದೂರವಿಡುತ್ತವೆ. ಪ್ರೇಕ್ಷಕನು ‘ಶೈಲಿ’ ಎಂದು ಮೆಚ್ಚುವ ಎಷ್ಟೋ ಸಂಗತಿಗಳು ಹೀಗೆ ವೇಷದ ಭಾರಕ್ಕೂ ದೇಹಕ್ಕೂ ನಡೆದ ಒಪ್ಪಂದದ ಫಲಗಳು. ಯಾವುದು ಸೌಂದರ್ಯದ ಆಯ್ಕೆ, ಯಾವುದು ವೇಷದ ಒತ್ತಾಯ ಎಂಬ ಭೇದವನ್ನು ಎರಡನ್ನೂ ಮೈಮೇಲೆ ಹೊತ್ತವನು ಮಾತ್ರ ಖಚಿತವಾಗಿ ಹೇಳಬಲ್ಲ.

ವಿಧಾನದ ಪ್ರಶ್ನೆ

ಆದರೆ ಅನುಭವವೇ ಸಂಶೋಧನೆಯಲ್ಲ. ಮೂವತ್ತು ವರ್ಷ ತಿರುಗಾಟ ಮಾಡಿದ ಕಲಾವಿದನ ನೆನಪುಗಳು ಅಮೂಲ್ಯ ಆಕರಗಳೇ ಹೊರತು ತಮ್ಮಷ್ಟಕ್ಕೆ ತಾವೇ ತೀರ್ಮಾನಗಳಲ್ಲ. ಅನುಭವ ಅಧ್ಯಯನವಾಗಬೇಕಾದರೆ ಕೆಲವು ಕ್ರಮಗಳು ಬೇಕಾಗುತ್ತವೆ.

ಮೊದಲನೆಯದು ಅಂತರ. ಕುಣಿಯುವ ಕ್ಷಣದಲ್ಲಿ ತನ್ನನ್ನು ತಾನೇ ಗಮನಿಸಹೊರಟರೆ ಹೆಜ್ಜೆ ಎಡವುತ್ತದೆ. ಹೆಜ್ಜೆಯಲ್ಲಿ ಪೂರ್ಣ ಮಗ್ನನಾದರೆ ಗಮನಿಸುವವನು ಇಲ್ಲವಾಗುತ್ತಾನೆ. ಆದ್ದರಿಂದ ಗಮನವನ್ನು ಕಾಲದಲ್ಲಿ ಹಂಚಬೇಕಾಗುತ್ತದೆ. ಪ್ರದರ್ಶನ ಮುಗಿದು ಚೌಕಿಗೆ ಬಂದು ವೇಷ ಕಳಚುವ ಹೊತ್ತಿನಲ್ಲೋ ಮರುದಿನ ಮಧ್ಯಾಹ್ನವೋ ಆ ರಾತ್ರಿಯ ವಿವರಗಳನ್ನು ಬರೆದಿಡುವುದು ಸರಳವಾದ, ಆದರೆ ಬಹಳ ಫಲಪ್ರದವಾದ ವಿಧಾನ. ಯಾವ ಪದ್ಯಕ್ಕೆ ಭಾಗವತರು ಕಾಲವನ್ನು ಏರಿಸಿದರು, ಅದಕ್ಕೆ ಯಾವ ಹೆಜ್ಜೆಯನ್ನು ಬಿಡಬೇಕಾಯಿತು, ಎದುರುವೇಷದವರು ಏನು ಮಾಡಿದರು ಎಂಬ ಟಿಪ್ಪಣಿಗಳು ಒಂದು ತಿರುಗಾಟದ ಉದ್ದಕ್ಕೂ ಸೇರಿದರೆ ಅವುಗಳಿಂದ ಮಾದರಿಗಳು ತಾವಾಗಿ ಎದ್ದು ಬರುತ್ತವೆ.

ಎರಡನೆಯದು ಪುನರಾವೃತ್ತಿ ಮತ್ತು ಪಲ್ಲಟ. ಒಂದೇ ಪದ್ಯಕ್ಕೆ ಒಂದೇ ಅಂಶವನ್ನು ಬದಲಿಸಿ ಮತ್ತೆ ಮತ್ತೆ ಕುಣಿದು ನೋಡುವುದು ಕಲಾವಿದ ಸಂಶೋಧಕನಿಗೆ ಮಾತ್ರ ಸಾಧ್ಯವಾದ ಪರೀಕ್ಷೆ. ಚೆಂಡೆಯನ್ನು ಬಿಟ್ಟು ಮದ್ದಳೆಗೆ ಮಾತ್ರ ಕುಣಿದರೆ ಏನು ವ್ಯತ್ಯಾಸವಾಗುತ್ತದೆ? ಕಿರೀಟವಿಲ್ಲದೆ ಅದೇ ಸುತ್ತನ್ನು ಸುತ್ತಿದರೆ? ಒಬ್ಬ ಗುರುವಿನ ಕ್ರಮವನ್ನು ಬಿಟ್ಟು ಇನ್ನೊಬ್ಬರ ಕ್ರಮವನ್ನು ಅನುಸರಿಸಿದರೆ? ಇಂತಹ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಗ್ರಂಥಾಲಯದಲ್ಲಲ್ಲ.

ಈ ವಿಧಾನದ ಸಾಮರ್ಥ್ಯವನ್ನು ಅರಿಯಲು ಶಾಸ್ತ್ರೀಯ ನೃತ್ಯದ ಒಂದು ನಿದರ್ಶನ ಉಪಯುಕ್ತ. ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯದಲ್ಲಿ 108 ಕರಣಗಳ ಲಕ್ಷಣಗಳಿವೆ. ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ಇವುಗಳಲ್ಲಿ 81 ಕರಣಗಳ ಶಿಲ್ಪಗಳು ಕೆತ್ತಲ್ಪಟ್ಟಿವೆ. ಚಿದಂಬರದ ಗೋಪುರಗಳಲ್ಲಿ ಶಿಲ್ಪಗಳೊಡನೆ ಶ್ಲೋಕಗಳನ್ನೂ ಕಾಣಬಹುದು. ಶಿಲ್ಪವನ್ನು ಮಾತ್ರ ನೋಡಿದವರಿಗೆ ಕರಣವೆಂದರೆ ಒಂದು ಭಂಗಿ. ಭರತನಾಟ್ಯದ ವೃತ್ತಿಕಲಾವಿದೆ ಪದ್ಮಾ ಸುಬ್ರಹ್ಮಣ್ಯಂ ಅವರು ತಮ್ಮ ಡಾಕ್ಟರೇಟ್ ಸಂಶೋಧನೆಯಲ್ಲಿ ಕರಣವು ಭಂಗಿಯಲ್ಲ, ಚಲನೆಯ ಘಟಕ. ಶಿಲ್ಪಿ ಹಿಡಿದದ್ದು ಆ ಚಲನೆಯ ಒಂದು ಕ್ಷಣವನ್ನು ಎಂಬ ನಿಲುವನ್ನು ಮುಂದಿಟ್ಟರು. ಶ್ಲೋಕ, ವ್ಯಾಖ್ಯಾನ, ಶಿಲ್ಪ ಈ ಮೂರನ್ನೂ ತಮ್ಮ ದೇಹದಲ್ಲಿ ಪರೀಕ್ಷಿಸಿ ಚಲನೆಯನ್ನು ಪುನಾರಚಿಸಿದರು. ಅವರ ಪುನಾರಚನೆಯ ಪ್ರತಿಯೊಂದು ವಿವರವನ್ನೂ ಒಪ್ಪಬೇಕೆಂದಿಲ್ಲ. ಎರಡು ಭಂಗಿಗಳ ನಡುವಿನ ದಾರಿಯನ್ನು ಕುಣಿದು ಹುಡುಕಬೇಕೆಂಬ ಪ್ರಶ್ನೆಯನ್ನು ನರ್ತಕಿಯ ದೇಹ ಎತ್ತಿತೆಂಬುದು ಇಲ್ಲಿ ಮುಖ್ಯ.

ಮೂರನೆಯದು ಇತರರ ಸಾಕ್ಷ್ಯ. ತನ್ನ ದೇಹ ಹೇಳಿದ್ದನ್ನು ಬೇರೆ ದೇಹಗಳು ಒಪ್ಪುತ್ತವೆಯೇ ಎಂದು ಕೇಳದ ಹೊರತು ಸ್ವಾಧ್ಯಯನ ಆತ್ಮಕಥನವಾಗಿ ಉಳಿಯುತ್ತದೆ. ಆತ್ಮಕಥನಕ್ಕೆ ಅದರದೇ ಬೆಲೆಯಿದೆ. ಆದರೆ ಸಂಶೋಧನೆಯಿಂದ ನಿರೀಕ್ಷಿಸುವುದು ಇತರರು ಪರಿಶೀಲಿಸಬಹುದಾದ ಮಾತುಗಳನ್ನು.

ಒಳಗಿನವನ ತೊಡಕುಗಳು

ಭಾಷಾವಿಜ್ಞಾನಿ ಕೆನೆತ್ ಪೈಕ್ ರೂಪಿಸಿದ ಒಳನೋಟ–ಹೊರನೋಟಗಳ ಭೇದ ಜಾನಪದ ಅಧ್ಯಯನಕ್ಕೆ ಚಿರಪರಿಚಿತ. ಒಳಗಿನವನಿಗೆ ಒಳನೋಟ ತಾನಾಗಿ ದೊರೆಯುತ್ತದೆ ಎಂದು ಭಾವಿಸುವುದು ಸುಲಭ. ವಸ್ತುಸ್ಥಿತಿ ಅಷ್ಟು ಸರಳವಲ್ಲ.

ಹೊರಗಿನ ಸಂಶೋಧಕನಿಗೆ ಹಿರಿಯ ಕಲಾವಿದರು ತಾಳ್ಮೆಯಿಂದ ವಿವರಿಸುತ್ತಾರೆ, ಏಕೆಂದರೆ ಆತನಿಗೆ ಏನೂ ತಿಳಿದಿಲ್ಲವೆಂಬುದು ಸ್ಪಷ್ಟ. ಅದೇ ಪ್ರಶ್ನೆಯನ್ನು ಸಹಕಲಾವಿದ ಕೇಳಿದರೆ ‘ಅದು ನಿನಗೆ ಗೊತ್ತಿರುವುದೇ ಅಲ್ಲವೇ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಕೆಲವು ಪ್ರಶ್ನೆಗಳನ್ನು ಕೇಳುವುದೇ ಅವಿನಯವೆನಿಸುತ್ತದೆ. ಗುರು ಕಲಿಸಿದ ಹೆಜ್ಜೆಯನ್ನು ‘ಹೀಗೇಕೆ’ ಎಂದು ವಿಚಾರಿಸುವುದು ಜಿಜ್ಞಾಸೆಯಾಗಿ ಕೇಳದೆ ಆಕ್ಷೇಪವಾಗಿ ಕೇಳಬಹುದು. ಮೇಳದೊಳಗಿನ ಹಿರಿಯ–ಕಿರಿಯ ಕ್ರಮ, ವೇಷಗಳ ಸ್ಥಾನಮಾನ, ಸ್ಪರ್ಧೆ, ಸ್ನೇಹಗಳು ಮಾಹಿತಿಯ ದಾರಿಯನ್ನು ತೆರೆಯುತ್ತವೆ, ಮುಚ್ಚುತ್ತವೆ. ಹೊರಗಿನವನು ಅಧ್ಯಯನ ಮುಗಿಸಿ ಹೊರಟುಹೋಗಬಹುದು. ಒಳಗಿನವನು ತಾನು ಬರೆದುದರ ನಡುವೆಯೇ ಮರುದಿನ ಗೆಜ್ಜೆ ಕಟ್ಟಬೇಕು.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಸ್ವಂತ ಕ್ರಮವನ್ನೇ ಪರಂಪರೆಯೆಂದು ಭಾವಿಸುವುದು. ತೆಂಕು, ಬಡಗು, ಬಡಾಬಡಗು ಎಂಬ ಸ್ಥೂಲ ಭೇದಗಳೊಳಗೆ ಊರಿನ, ಮನೆತನದ, ಮೇಳದ, ವ್ಯಕ್ತಿಯ ಭೇದಗಳು ಹಲವಿವೆ. ಕಲಾವಿದ ಕಲಿತದ್ದು ಇವುಗಳಲ್ಲೊಂದನ್ನು. ಚಿಕ್ಕಂದಿನಿಂದ ಮೈಗೂಡಿದ ಕ್ರಮ ‘ಸರಿ’ ಎಂದೂ ಉಳಿದದ್ದು ‘ವಿಕಾರ’ ಎಂದೂ ತೋರುವುದು ಸಹಜ. ಹಾಗೆ ತೋರಿದ್ದು ಸಂಶೋಧನೆಯ ಮುದ್ರೆಯೊಡನೆ ಅಚ್ಚಾದಾಗ ಒಂದು ಮನೆತನದ ಮಟ್ಟು ಇಡೀ ತಿಟ್ಟಿನ ಲಕ್ಷಣವಾಗಿಬಿಡುತ್ತದೆ. ಪಠ್ಯಕ್ರಮ, ಪರೀಕ್ಷೆ, ಸ್ಪರ್ಧೆಗಳು ಅದನ್ನೇ ಅನುಸರಿಸಿದರೆ ಒಂದು ತಲೆಮಾರಿನೊಳಗೆ ಉಳಿದ ಕ್ರಮಗಳು ಮರೆಯಾಗಬಲ್ಲವು. ಆದುದರಿಂದ ‘ಯಕ್ಷಗಾನದಲ್ಲಿ ಹೀಗಿದೆ’ ಎನ್ನುವುದಕ್ಕಿಂತ ‘ಇಂಥವರಿಂದ, ಇಂಥ ಕಾಲದಲ್ಲಿ ಹೀಗೆ ಕಲಿತದ್ದು’ ಎನ್ನುವುದು ಹೆಚ್ಚು ಪ್ರಾಮಾಣಿಕ.

ಶಾಸ್ತ್ರೀಯತೆಯ ಆಕರ್ಷಣೆಯೂ ಇಲ್ಲಿ ಉಲ್ಲೇಖಾರ್ಹ. ಯಕ್ಷಗಾನ ಶಾಸ್ತ್ರೀಯವೋ ಜಾನಪದವೋ ಎಂಬ ಚರ್ಚೆ ದೀರ್ಘಕಾಲದಿಂದ ನಡೆದಿದೆ. ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತ ಕಲಾವಿದನಿಗೆ ತನ್ನ ಹೆಜ್ಜೆಗೆ ನಾಟ್ಯಶಾಸ್ತ್ರದ ಹೆಸರು ಕೊಟ್ಟರೆ ಗೌರವ ಹೆಚ್ಚೀತೆಂಬ ಆಸೆ ಹುಟ್ಟಬಹುದು. ಸಾದೃಶ್ಯವಿದ್ದಲ್ಲಿ ತೋರಿಸುವುದು ತಪ್ಪಲ್ಲ. ಆದರೆ ಒಡ್ಡೋಲಗ, ಬಿಡ್ತಿಗೆ, ಮಂಡಿ, ಧಿಗಿಣ, ದಸ್ತು ಎಂಬ ದೇಸೀ ಪರಿಭಾಷೆಯನ್ನು ಬಿಟ್ಟು ಸಂಸ್ಕೃತ ಪರಿಭಾಷೆಯನ್ನು ಹೊದಿಸಿದರೆ, ಆ ದೇಸೀ ಪದಗಳಲ್ಲಿ ಅಡಗಿದ್ದ ವಿಶ್ಲೇಷಣೆಯೇ ಕಳೆದುಹೋಗುತ್ತದೆ. ನರ್ತಕಿಯೂ ಮಾನವಶಾಸ್ತ್ರಜ್ಞೆಯೂ ಆಗಿದ್ದ ಜೊಆನ್ ಕೀಲಿಇನೊಹೊಮೊಕು 1970ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಪಾಶ್ಚಾತ್ಯ ಬ್ಯಾಲೆ ಕೂಡ ಒಂದು ಜನಾಂಗೀಯ ನೃತ್ಯವೇ ಎಂದು ವಾದಿಸಿದರು. ‘ಜನಾಂಗೀಯ’, ‘ಜಾನಪದ’ ಎಂಬ ಹೆಸರುಗಳು ಕುಣಿತದ ಗುಣಮಟ್ಟವನ್ನಲ್ಲ, ಹೆಸರಿಡುವವರ ಸ್ಥಾನವನ್ನು ಸೂಚಿಸುತ್ತವೆ ಎಂಬ ಅರಿವು ಬಂದರೆ ಎರವಲು ಗೌರವದ ಅಗತ್ಯ ಉಳಿಯುವುದಿಲ್ಲ. ಅರ್ಥಧಾರಿಗಳೂ ವಿದ್ವಾಂಸರೂ ಆದ ಡಾ. ಎಂ. ಪ್ರಭಾಕರ ಜೋಶಿ ಅವರ ‘ಯಕ್ಷಗಾನ ಪದಕೋಶ’ದಂತಹ ಕೃತಿ ಈ ದೃಷ್ಟಿಯಿಂದ ಗಮನಾರ್ಹ. ಕಲೆಯ ಒಳಗಿನ ಮಾತುಗಳನ್ನು ಪಾರಿಭಾಷಿಕ ಪದಗಳೆಂದು ಪರಿಗಣಿಸುವುದೇ ಅಧ್ಯಯನದ ಮೊದಲ ಹೆಜ್ಜೆ.

ವೃತ್ತಿ ಮತ್ತು ಹೊಣೆ

ಕಲಾವಿದನ ಸಂಶೋಧನೆಯ ಚರ್ಚೆಯಲ್ಲಿ ಜೀವನೋಪಾಯದ ಮಾತು ಬರುವುದು ವಿರಳ. ಆದರೆ ಅದನ್ನು ಬಿಟ್ಟು ವಿಧಾನದ ಮಾತಾಡುವುದು ಅಪೂರ್ಣ. ಕರಾವಳಿಯ ಮೇಳಗಳ ತಿರುಗಾಟ ದೀಪಾವಳಿಯ ಅನಂತರ ಆರಂಭವಾಗಿ, ತುಳುನಾಡಿನಲ್ಲಿ ಪತ್ತನಾಜೆಯವರೆಗೆ ನಡೆಯುತ್ತದೆ. ಆ ತಿಂಗಳುಗಳಲ್ಲಿ ರಾತ್ರಿ ಕುಣಿತ, ಹಗಲು ನಿದ್ರೆ ಮತ್ತು ಪ್ರಯಾಣ. ಓದು ಬರಹಕ್ಕೆ ಉಳಿಯುವುದು ಮಳೆಗಾಲ. ಆದರೆ ಅನೇಕರಿಗೆ ಮಳೆಗಾಲವೆಂದರೆ ಬಿಡುವಲ್ಲ, ಸಂಪಾದನೆಯ ಇನ್ನೊಂದು ದಾರಿಯನ್ನು ಹುಡುಕುವ ಕಾಲ. ಶಿಷ್ಯವೇತನ, ರಜೆ, ಗ್ರಂಥಾಲಯಗಳ ಅನುಕೂಲವಿರುವ ಸಂಶೋಧನ ವಿದ್ಯಾರ್ಥಿಗೂ ಈತನಿಗೂ ಒಂದೇ ಗಡುವು, ಒಂದೇ ಮಾನದಂಡ ವಿಧಿಸಿದರೆ ಫಲಿತಾಂಶವೇನೆಂಬುದನ್ನು ಊಹಿಸಬಹುದು. ಬರೆಯಬಲ್ಲ ಕಲಾವಿದರು ಕುಣಿತ ಬಿಟ್ಟ ಮೇಲೆ ಬರೆಯುತ್ತಾರೆ. ಅಷ್ಟರಲ್ಲಿ ದೇಹದ ಎಷ್ಟೋ ಸಾಕ್ಷ್ಯಗಳು ಮಾಸಿರುತ್ತವೆ.

ನೈತಿಕ ಹೊಣೆಯೂ ಇಲ್ಲಿ ಇಮ್ಮಡಿ. ಚೌಕಿಯಲ್ಲಿ ಸಹೋದ್ಯೋಗಿಯ ವಿಶ್ವಾಸದಿಂದ ಆಡಿದ ಮಾತು ಸಂಶೋಧಕನ ಟಿಪ್ಪಣಿಯಾಗಬಹುದೇ? ಸಂಬಳ, ಜಾತಿ, ದೈಹಿಕ ನೋವು, ಕುಡಿತ, ಸ್ತ್ರೀವೇಷಧಾರಿಗಳನ್ನು ಕುರಿತ ಹಾಸ್ಯ ಇವೆಲ್ಲ ಮೇಳದ ಬದುಕಿನ ಭಾಗಗಳೇ ಹೌದು. ಹೊರಗಿನವನು ಇವನ್ನು ಕೇಳುವಾಗ ಎದುರಿನವನು ಎಚ್ಚರವಾಗಿರುತ್ತಾನೆ. ಗೆಳೆಯನೊಡನೆ ಆಡುವಾಗ ಎಚ್ಚರವಿರುವುದಿಲ್ಲ. ಆದ್ದರಿಂದ ತಾನು ಈಗ ಯಾವ ಸ್ಥಾನದಿಂದ ಕೇಳುತ್ತಿದ್ದೇನೆ ಎಂಬುದನ್ನು ಸ್ಪಷ್ಟಪಡಿಸುವುದು, ಪ್ರಕಟಣೆಗೆ ಮುನ್ನ ಹೇಳಿದವರಿಗೆ ಓದಿ ತಿಳಿಸುವುದು, ಬೇಡವೆಂದದ್ದನ್ನು ಬಿಡುವುದು ಕಲಾವಿದ ಸಂಶೋಧಕನ ಕನಿಷ್ಠ ಕರ್ತವ್ಯಗಳು.

ಹೊರದೇಶದ ಅನುಭವವೂ ಇದನ್ನೇ ಸೂಚಿಸುತ್ತದೆ. ಅಮೆರಿಕದ ಕಪ್ಪುಜನಾಂಗದ ನರ್ತಕಿ ಕ್ಯಾಥರೀನ್ ಡನ್‌ಹ್ಯಾಮ್ (1909–2006) ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರವನ್ನು ಓದುತ್ತಲೇ 1935–36ರಲ್ಲಿ ಕೆರೀಬಿಯನ್ ದ್ವೀಪಗಳಿಗೆ ಹೋಗಿ, ಹೈಟಿಯಲ್ಲಿ ಅಲ್ಲಿನವರೊಡನೆ ಕುಣಿದು, ಆಚರಣೆಯ ದೀಕ್ಷೆಯನ್ನೂ ಪಡೆದು ಅಲ್ಲಿನ ನೃತ್ಯಗಳನ್ನು ಅಭ್ಯಸಿಸಿದರು. ಆ ಅರಿವು ಮುಂದೆ ಅವರ ನೃತ್ಯ ಪದ್ಧತಿಯ ಅಂಗವಾಯಿತು. ಕುಣಿಯಬಲ್ಲವರೆಂಬ ಕಾರಣಕ್ಕೇ ಅವರಿಗೆ ತೆರೆದ ಬಾಗಿಲುಗಳಿದ್ದವು. ಹಾಗೆ ತೆರೆದುಕೊಂಡ ಬಾಗಿಲಿನ ಒಳಗೆ ಕಂಡದ್ದನ್ನು ರಂಗಕ್ಕೆ ಎಷ್ಟು ತರಬಹುದೆಂಬ ಪ್ರಶ್ನೆಯೂ ಅದರೊಂದಿಗೇ ಬರುತ್ತದೆ.

ಕಾಲದ ಒತ್ತಡ

ಈ ಎಲ್ಲ ಚರ್ಚೆಗೆ ತುರ್ತು ಬಂದಿರುವುದು ಪ್ರದರ್ಶನದ ಸ್ವರೂಪವೇ ಬದಲಾಗುತ್ತಿರುವುದರಿಂದ. ಇಡೀ ರಾತ್ರಿಯ ಆಟದ ಜಾಗದಲ್ಲಿ ಕಾಲಮಿತಿಯ ಪ್ರದರ್ಶನಗಳು ಹೆಚ್ಚುತ್ತಿವೆ. ಅವಧಿ ಇಳಿದಾಗ ಮೊದಲು ಕತ್ತರಿ ಬೀಳುವುದು ಕಥೆಗೆ ನೇರ ಸಂಬಂಧವಿಲ್ಲವೆಂದು ತೋರುವ ಭಾಗಗಳಿಗೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗ, ವಿಸ್ತಾರವಾದ ಒಡ್ಡೋಲಗ, ಬಣ್ಣದ ವೇಷದ ತೆರೆಕುಣಿತ ಇವೆಲ್ಲ ಹೀಗೆ ಸಂಕ್ಷಿಪ್ತವಾಗುತ್ತವೆ ಅಥವಾ ಕೈಬಿಡಲ್ಪಡುತ್ತವೆ. ಆದರೆ ಕುಣಿತದ ದೃಷ್ಟಿಯಿಂದ ಇವೇ ಮೂಲಪಾಠಗಳು. ಎಳೆಯ ಕಲಾವಿದನಿಗೆ ಸಭೆಯ ಮುಂದೆ ತಾಳಜ್ಞಾನ ಗಟ್ಟಿಯಾಗುತ್ತಿದ್ದುದು ಪೂರ್ವರಂಗದಲ್ಲಿ. ಹೆಜ್ಜೆಗಳ ಪೂರ್ಣ ಸರಣಿ ಉಳಿದುಕೊಂಡಿದ್ದುದು ಒಡ್ಡೋಲಗದಲ್ಲಿ. ಕುಣಿಯುವ ಸಂದರ್ಭವೇ ಇಲ್ಲವಾದ ಹೆಜ್ಜೆಗೆ ದೇಹದಲ್ಲಿ ಹೆಚ್ಚು ಕಾಲ ಆಯುಷ್ಯವಿಲ್ಲ.

ವಿಡಿಯೊ ದಾಖಲೀಕರಣ ಇದಕ್ಕೆ ಪರಿಹಾರವೆಂಬ ನಂಬಿಕೆ ವ್ಯಾಪಕವಾಗಿದೆ. ದಾಖಲೀಕರಣ ಅತ್ಯಗತ್ಯವೇ ಸರಿ. ಆದರೆ ಕ್ಯಾಮೆರಾ ಹಿಡಿಯುವುದು ಫಲಿತಾಂಶವನ್ನು, ಕಾರಣವನ್ನಲ್ಲ. ಆ ರಾತ್ರಿ ವೇಷಧಾರಿ ಒಂದು ಸುತ್ತನ್ನು ಬಿಟ್ಟದ್ದು ಪರಂಪರೆಯ ಕ್ರಮವೋ, ಮೊಣಕಾಲಿನ ನೋವೋ, ಭಾಗವತರು ಪದ್ಯವನ್ನು ಬೇಗ ಎತ್ತಿಕೊಂಡದ್ದರ ಪರಿಣಾಮವೋ ಎಂಬುದು ಚಿತ್ರಿಕೆಯಲ್ಲಿ ಕಾಣುವುದಿಲ್ಲ. ಐವತ್ತು ವರ್ಷಗಳ ಅನಂತರ ಆ ಚಿತ್ರಿಕೆಯನ್ನು ನೋಡಿದವರು ಬಿಟ್ಟುಹೋದ ಸುತ್ತನ್ನು ಶೈಲಿಯೆಂದೇ ತಿಳಿದಾರು. ಕುಣಿದವರೇ ಕುಳಿತು ತಮ್ಮ ಚಿತ್ರಿಕೆಯನ್ನು ನೋಡುತ್ತ ಹೆಜ್ಜೆಹೆಜ್ಜೆಗೂ ನೀಡುವ ವಿವರಣೆಯನ್ನು ಅದರೊಡನೆ ಸೇರಿಸಿದಾಗ ಮಾತ್ರ ಅದು ಸಂಶೋಧನೆಯ ಆಕರವಾಗುತ್ತದೆ. ಈ ಕೆಲಸವನ್ನು ಮಾಡಬಲ್ಲವರು ಇಂದು ಬದುಕಿರುವ ಕಲಾವಿದರು. ಅದಕ್ಕಿರುವ ಕಾಲ ಅವರ ಆಯುಷ್ಯದಷ್ಟೇ.

ಇದರಿಂದ ಸಂಸ್ಥೆಗಳಿಗೆ ಬರುವ ಕರ್ತವ್ಯಗಳು ಸ್ಪಷ್ಟ. ಕಲಾವಿದರು ಸಲ್ಲಿಸುವ ಸಂಶೋಧನೆಯಲ್ಲಿ ಪ್ರಾತ್ಯಕ್ಷಿಕೆಯನ್ನು ಅಲಂಕಾರವೆಂದಲ್ಲ, ಪ್ರಮಾಣವೆಂದು ಪರಿಗಣಿಸಬೇಕು. ಬರೆಯುವ ರೂಢಿಯಿಲ್ಲದ ಹಿರಿಯ ಕಲಾವಿದರೊಡನೆ ವಿದ್ವಾಂಸರು ಕೆಲಸ ಮಾಡಿದಾಗ ಕಲಾವಿದರ ಹೆಸರು ಕೃತಜ್ಞತೆಯ ಪುಟದಲ್ಲಲ್ಲ, ಸಹಲೇಖಕರ ಜಾಗದಲ್ಲಿ ಬರಬೇಕು. ತಿರುಗಾಟದ ಕಾಲಕ್ಕೆ ಹೊಂದುವಂತೆ ಮಳೆಗಾಲದ ಅಧ್ಯಯನ ವೇತನಗಳ ವ್ಯವಸ್ಥೆಯಾಗಬೇಕು. ದಾಖಲೆಗಳಲ್ಲಿ ಊರು, ತಿಟ್ಟು, ಗುರು, ಭಾಗವತ, ಮದ್ದಳೆಗಾರ, ದಿನಾಂಕಗಳ ಜೊತೆಗೆ ಕುಣಿದವರ ವಿವರಣೆಯೂ ಕಡ್ಡಾಯವಾಗಬೇಕು.

ಕಲಾವಿದ ಸಂಶೋಧಕನಾದ ಮಾತ್ರಕ್ಕೆ ಹೊರಗಿನ ಸಂಶೋಧಕನ ಅಗತ್ಯ ತೀರುವುದಿಲ್ಲ. ಒಳಗಿನವನು ಸಹಜವೆಂದು ದಾಟಿಹೋಗುವಲ್ಲಿ ಹೊರಗಿನವನು ನಿಂತು ಕೇಳುತ್ತಾನೆ. ಹೊರಗಿನವನು ಕಾಣಲಾರದ್ದನ್ನು ಒಳಗಿನವನ ಮೊಣಕಾಲು ಬಲ್ಲದು. ಕುಣಿದು ತಿಳಿದದ್ದನ್ನು ಹೇಳುವ ಕಲಾವಿದನನ್ನು ಇಷ್ಟು ದಿನ ವಕ್ತೃವೆಂದು ಕರೆದು ಅವನ ಮಾತನ್ನು ಬರೆದುಕೊಂಡದ್ದಾಯಿತು. ಇನ್ನು ಮುಂದೆ ಅವನು ಕೇಳುವ ಪ್ರಶ್ನೆಗಳನ್ನೂ ಬರೆದುಕೊಳ್ಳುವ ಕೆಲಸ ಜಾನಪದ ಅಧ್ಯಯನದ ಮುಂದಿದೆ.